ಏಳು ನಿಮಿಷದ ಸೇಡು

ಹೆಣದ ಪಾತ್ರ ಮಾಡಲು ನಾನು ಒಪ್ಪಿಕೊಂಡದ್ದು ಸ್ವಂತ ಇಚ್ಛೆಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನನ್ನ ಹೆಂಡತಿ, "ಇವರಿಗೆ ಬೇರೆ ಯಾವ ಪಾತ್ರಾನೂ ಯಾರೂ ಕೊಡಲಿಲ್ಲ, ಪಾಪ" ಎಂದು ಬೀದಿಯಲ್ಲಿ ನಾಲ್ಕು ಮನೆಗೆ ಹೇಳಿಕೊಂಡು ಬಂದಿದ್ದಾಳೆ. (ಐದನೆಯ ಮನೆಗೆ ಬೀಗ ಹಾಕಿತ್ತು.)

ನನ್ನದು ಗಡಿಯಾರ ರಿಪೇರಿ ಅಂಗಡಿ. ವಯಸ್ಸು ಐವತ್ತೆರಡು. ಸ್ವಭಾವತಃ ಎಚ್ಚರಿಕೆಯ ಮನುಷ್ಯ. ಮನೆಯಿಂದ ಹೊರಟರೆ ಬೀಗ ಎಳೆದು ನೋಡುತ್ತೇನೆ. ಬೀದಿಯ ತಿರುವಿನವರೆಗೆ ಹೋಗಿ, ಎಳೆದು ನೋಡಿದೆನೋ ಇಲ್ಲವೋ ಎಂಬ ಸಂಶಯ ಬಂದು, ಹಿಂದಿರುಗಿ ಇನ್ನೊಮ್ಮೆ ಎಳೆದು ನೋಡುತ್ತೇನೆ. ಒಳಗೆ ಹೆಂಡತಿ ಇರುವಾಗಲೂ ಹೀಗೆ ಮಾಡಿ ಬೈಸಿಕೊಂಡದ್ದುಂಟು.

ನನಗೆ ಇಬ್ಬರು ಗೆಳೆಯರು. ಒಬ್ಬ ಟೈಲರ್. ಇನ್ನೊಬ್ಬ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಅವನನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ಕಾರು ಕಲಿಯುವವರ ಪಕ್ಕದಲ್ಲಿ ಕೂತು ಕೂತು ಅವನ ಬಲಗಾಲಿಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಸ್ವಲ್ಪ ಗಾಬರಿಯಾದರೂ ಸಾಕು, ಆ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಅವನ ಮದುವೆಯ ಫೋಟೋ ನೋಡಿ, ಬ್ರೇಕ್ ಹಾಕಿಕೊಂಡೇ ನಿಂತಿದ್ದಾನೆ.

ಮೂವರೂ ಮೂವತ್ತು ವರ್ಷದ ಗೆಳೆಯರು. ಕಳೆದ ಇಪ್ಪತ್ತೈದು ವರ್ಷಗಳಿಂದ ದಿನವೂ ಬೆಳಿಗ್ಗೆ ಆರಕ್ಕೆ ಹಳೆಯ ಸೇತುವೆಯ ಮೇಲೆ ಸೇರಿ ಹೊಸ ಸೇತುವೆಯವರೆಗೆ ನಡೆದು ಬರುತ್ತೇವೆ. ಇಂಥ ಗೆಳೆತನ ನೋಡಿ ಜನ ಹೊಟ್ಟೆಕಿಚ್ಚುಪಡುತ್ತಾರೆ. ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಈ ಇಬ್ಬರಲ್ಲಿ ಒಬ್ಬ ನನ್ನ ಬಾಳನ್ನು ಹಾಳು ಮಾಡಿದವನು. ಯಾರು ಎಂಬುದು ನನಗೂ ಗೊತ್ತಿರಲಿಲ್ಲ.

ವಿಷಯ ಇಪ್ಪತ್ತೆಂಟು ವರ್ಷ ಹಳೆಯದು. ಆಗ ನಮ್ಮ ಬಡಾವಣೆಯ ವಾಚನಾಲಯದಲ್ಲಿ ಒಂದು ನಾಟಕ ಆಡಿದೆವು. ಟೈಲರ್ ನಾಯಕ, ಬ್ರೇಕ್ ಮೇಷ್ಟ್ರು ಖಳನಾಯಕ, ನಾನು ನಾಯಕನ ತಮ್ಮ. ನಾಟಕದುದ್ದಕ್ಕೂ ನನಗೆ ಮಾತಿಲ್ಲ. ಕೊನೆಯಲ್ಲಿ ಮಾತ್ರ, ಟೈಲರ್ ಹೊಲಿದ ಕರಿ ಕೋಟು ತೊಟ್ಟು ಬಂದು, ಲಕೋಟೆ ಒಡೆದು, ಒಂದು ಪತ್ರವನ್ನು ಗಟ್ಟಿಯಾಗಿ ಓದಿ ಅಣ್ಣನ ಕ್ಷಮೆ ಕೇಳಬೇಕು. ನಾಯಕ ನಿರಪರಾಧಿ ಎಂದು ತಿಳಿಯುವುದೇ ಆ ಪತ್ರದಿಂದ. ನಾನು ಸಂಕೋಚದವನು, ಬಾಯಿಪಾಠ ಮಾಡಿದರೆ ಮರೆಯಬಹುದೆಂದು ಮಾತನ್ನೆಲ್ಲ ಆ ಪತ್ರದಲ್ಲೇ ದುಂಡಗೆ ಬರೆದಿಟ್ಟುಕೊಂಡಿದ್ದೆ. ರಂಗದ ಮೇಲೆ ಲಕೋಟೆ ಒಡೆದೆ. ಕಾಗದ ಬಿಡಿಸಿದೆ. ಖಾಲಿ! ತಿರುಗಿಸಿ ನೋಡಿದೆ. ಆ ಕಡೆಯೂ ಖಾಲಿ. ಎರಡು ನಿಮಿಷ ಹಾಗೇ ನಿಂತಿದ್ದೆ. (ನಾನು ಗಡಿಯಾರದವನು. ಎರಡು ನಿಮಿಷ ಎಂದರೆ ಎರಡೇ ನಿಮಿಷ.) ಹಿಂದಿನ ಸಾಲಿನಿಂದ ಯಾರೋ, "ಪೋಸ್ಟ್‌ಮ್ಯಾನನ್ನೇ ಕರೆದು ಕೇಳ್ರೋ!" ಎಂದರು. ಸಭಾಂಗಣ ನಕ್ಕ ನಗೆಗೆ ಪರದೆ ಬಿತ್ತು. ಅಂದಿನಿಂದ ನಾನು ನಾಲ್ಕು ಜನರ ಎದುರು ಬಾಯಿ ಬಿಟ್ಟವನಲ್ಲ.

ಆ ದಿನ ಬಣ್ಣದ ಕೋಣೆಯಲ್ಲಿ ನನ್ನ ಹೊರತು ಇದ್ದವರು ಇವರಿಬ್ಬರೇ. ಪತ್ರ ಓದಿದ ಮೇಲೆ ನಾಯಕ ಹತ್ತು ನಿಮಿಷ ಅಳುವ ದೃಶ್ಯವಿತ್ತು; ಅದು ನಡೆದಿದ್ದರೆ ಉತ್ತಮ ನಟನ ಕಪ್ ಟೈಲರ್‌ಗೆ ಹೋಗುತ್ತಿತ್ತು. ಆದ್ದರಿಂದ ಬರೆದ ಪತ್ರ ಕದ್ದು ಖಾಲಿ ಕಾಗದ ಇಟ್ಟವನು ಮೇಷ್ಟ್ರು ಇರಬೇಕು. ಆದರೆ ಟೈಲರ್ ಅಳುವ ದೃಶ್ಯದ ಮಾತುಗಳನ್ನು ಕಲಿತೇ ಇರಲಿಲ್ಲ. ಆದ್ದರಿಂದ ಕದ್ದವನು ಟೈಲರ್ ಇರಬೇಕು. ಹೀಗೆ ಇಪ್ಪತ್ತೆಂಟು ವರ್ಷ ನನ್ನ ಅನುಮಾನ ಲೋಲಕದಂತೆ ಆಚೆ ಈಚೆ ಆಡುತ್ತಲೇ ಇತ್ತು.

ನೇರವಾಗಿ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದರೆ ಇಬ್ಬರೂ "ನಾನಲ್ಲ" ಎನ್ನುತ್ತಾರೆ. ಆಗ ಇಬ್ಬರಲ್ಲಿ ಒಬ್ಬ ಕಳ್ಳನಷ್ಟೇ ಅಲ್ಲ, ಸುಳ್ಳನೂ ಹೌದು ಎಂದಾಗುತ್ತದೆ. ಅದು ಗೊತ್ತಾದ ಮೇಲೆ ಬೆಳಿಗ್ಗೆ ಆರಕ್ಕೆ ಅವರ ನಡುವೆ ಕೈಬೀಸಿಕೊಂಡು ನಡೆಯುವುದು ಹೇಗೆ? ಆದ್ದರಿಂದ ನಾನು ಕೇಳಲಿಲ್ಲ. ಸೇಡು ಮಾತ್ರ ತೀರಿಸಿಕೊಂಡೆ.

ಅಂಗಡಿ ತೆರೆದ ವರ್ಷವೇ ಅದನ್ನು ಶುರು ಮಾಡಿದೆ. ಇಬ್ಬರ ಕೈಗಡಿಯಾರಗಳೂ ಆಯಿಲ್ ಹಾಕಿಸಿಕೊಳ್ಳಲು, ಸೆಲ್ ಬದಲಿಸಿಕೊಳ್ಳಲು ನನ್ನ ಮೇಜಿಗೇ ಬರುತ್ತವೆ. ಅಪರಾಧಿ ಯಾರೆಂದು ತಿಳಿಯದಿರುವಾಗ ಶಿಕ್ಷೆಯನ್ನು ಸಮನಾಗಿ ಹಂಚುವುದೇ ನ್ಯಾಯ. ಮೇಷ್ಟ್ರ ಗಡಿಯಾರವನ್ನು ಏಳು ನಿಮಿಷ ಮುಂದಿಟ್ಟೆ. ಟೈಲರ್ ಗಡಿಯಾರವನ್ನು ಏಳು ನಿಮಿಷ ಹಿಂದಿಟ್ಟೆ. ಹಾಗೇ ಇಡುತ್ತ ಬಂದೆ. ಗಡಿಯಾರದವನ ಗೆಳೆಯರು ಬೇರೆ ಯಾರನ್ನಾದರೂ ಟೈಮ್ ಕೇಳುತ್ತಾರೆಯೇ?

ಫಲ ಘನವಾಗಿತ್ತು. ದಿನವೂ ನಾನು ಸರಿಯಾಗಿ ಆರಕ್ಕೆ ಸೇತುವೆಗೆ ಬರುವಾಗ ಮೇಷ್ಟ್ರು ಅದಾಗಲೇ ಬಂದು ಕಾಲು ಬಡಿಯುತ್ತಿರುತ್ತಿದ್ದ. ಇನ್ನೂ ಏಳು ನಿಮಿಷ ಕಳೆದ ಮೇಲೆ ಟೈಲರ್ ಶಿಳ್ಳೆ ಹಾಕುತ್ತ ಬರುತ್ತಿದ್ದ.

"ಹದಿನಾಲ್ಕು ನಿಮಿಷ ಲೇಟು! ನಿನಗೆ ಮನುಷ್ಯರ ಬೆಲೆ ಗೊತ್ತೇನೋ?"

"ಆರು ಗಂಟೆ ಅಂದ್ರೆ ಆರು ಗಂಟೆ. ನೀನು ಕೋಳಿ ಜೊತೆ ಎದ್ದು ಬಂದ್ರೆ ನಾನೇನು ಮಾಡ್ಲಿ?"

"ಎಲ್ಲಿ, ತೋರಿಸು ನಿನ್ನ ವಾಚು."

"ಮೊದಲು ನಿನ್ನದು ತೋರಿಸು. ಎರಡನ್ನೂ ರಿಪೇರಿ ಮಾಡೋನು ಇಲ್ಲೇ ಇದಾನೆ. ಕೇಳು ಅವನನ್ನ."

ಆಗ ನಾನು ಎರಡೂ ಗಡಿಯಾರಗಳನ್ನು ಭೂತಗನ್ನಡಿ ಇಟ್ಟು ನೋಡಿದವನಂತೆ ನೋಡಿ, "ಗಡಿಯಾರದ ಸ್ವಭಾವ ಧರಿಸಿದವನ ಸ್ವಭಾವದ ಹಾಗೆ" ಎಂದು ತೀರ್ಪು ಕೊಡುತ್ತಿದ್ದೆ. ಇದರ ಅರ್ಥ ನನಗೂ ಗೊತ್ತಿಲ್ಲ. ಆದರೆ ಜಗಳ ಹೊಸ ಸೇತುವೆಯವರೆಗೆ ಸಾಕಾಗುತ್ತಿತ್ತು.

ಒಂದೆರಡು ಸಂಗತಿ ಮಾತ್ರ ನನಗೆ ಒಗಟಾಗಿದ್ದವು. ಟೈಲರ್ ಹೇಳಿದ ಹೊತ್ತಿಗೆ ಸರಿಯಾಗಿ ಬಟ್ಟೆ ಕೊಡುತ್ತಾನೆಂದು ಬೀದಿಯಲ್ಲೆಲ್ಲ ಹೆಸರು. ಅಂಥ ಗಡಿಯಾರ ಕಟ್ಟಿಕೊಂಡು ಅದು ಹೇಗೆ ಸಾಧ್ಯ? ಇನ್ನು, ಮೊಬೈಲ್ ಬಂದ ಮೇಲೆ ಜನ ನನ್ನ ಅಂಗಡಿಯ ಗಡಿಯಾರಗಳು ಏಳು ನಿಮಿಷ ಮುಂದಿವೆ ಎನ್ನತೊಡಗಿದರು. ನಾನು ಅವರಿಗೆ ತಾಳ್ಮೆಯಿಂದ ತಿಳಿಹೇಳಿದೆ: ಮೊಬೈಲಿಗೆ ಸಮಯ ಆಕಾಶದಿಂದ ಬರಬೇಕು, ಅಷ್ಟು ದೂರದಿಂದ ಬರುವಾಗ ಏಳು ನಿಮಿಷ ತಡವಾಗದೆ ಇರುತ್ತದೆಯೇ? ನನ್ನ ಮನೆಯ ಗೋಡೆ ಗಡಿಯಾರ ಅಪ್ಪ ತನ್ನ ಕೈಯಾರೆ ಜೋಡಿಸಿದ್ದು. ದಿನವೂ ತಿಂಡಿ ತಿನ್ನುವಾಗ ನನ್ನ ಕೈಗಡಿಯಾರವನ್ನು ಅದಕ್ಕೆ ಹೊಂದಿಸುತ್ತೇನೆ. ಅಂಗಡಿಯ ಎಲ್ಲ ಗಡಿಯಾರಗಳನ್ನೂ ನನ್ನ ಕೈಗಡಿಯಾರಕ್ಕೆ ಹೊಂದಿಸುತ್ತೇನೆ. ಇದರಲ್ಲಿ ತಪ್ಪು ನುಸುಳಲು ಜಾಗವೇ ಇಲ್ಲ.

ಹೀಗಿರುವಾಗ ವಾಚನಾಲಯದ ವಾರ್ಷಿಕೋತ್ಸವ ಬಂತು. ಬ್ರೇಕ್ ಮೇಷ್ಟ್ರು ಸ್ವತಃ ಒಂದು ನಾಟಕ ಬರೆದ. ಹೆಸರು 'ನಡುಮನೆಯ ಹೆಣ'. ಕತೆ ಇಷ್ಟೆ: ಮೂವರು ಗೆಳೆಯರಲ್ಲಿ ಒಬ್ಬ ಸತ್ತಿದ್ದಾನೆ. ಉಳಿದಿಬ್ಬರು ಹೆಣದ ಎಡಕ್ಕೊಬ್ಬ ಬಲಕ್ಕೊಬ್ಬ ಕೂತು, ಬದುಕಿದ್ದಾಗ ಅವನಿಗೆ ಹೇಳಲಾಗದ ಗುಟ್ಟುಗಳನ್ನೆಲ್ಲ ಹೇಳಿಕೊಳ್ಳುತ್ತಾರೆ. ಕೇಳಿದ ಕೂಡಲೇ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ಬದುಕಿರುವ ನನಗೆ ಇವರು ನಿಜ ಹೇಳಲಾರರು. ಸತ್ತ ನನಗೆ?

"ಹೆಣ ನಾನಾಗ್ತೀನಿ" ಎಂದೆ.

ಮೇಷ್ಟ್ರು ಬ್ರೇಕ್ ಹಾಕಿದ. "ನೀನಾ? ಸ್ಟೇಜ್ ಮೇಲಾ?"

"ಮಾತಿಲ್ಲವಲ್ಲ."

"ಉಸಿರಾಡೋ ಹಾಗೂ ಇಲ್ಲ, ನೆನಪಿರಲಿ" ಎಂದ ಟೈಲರ್. "ಮಾತು ಮರೆತರೆ ನಡೆಯುತ್ತೆ, ಸಾವು ಮರೀಬಾರದು."

ಮನೆಗೆ ಬಂದು ಹೇಳಿದರೆ ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಅಲ್ಲಾ ರೀ, ಇಷ್ಟು ವರ್ಷದ ಮೇಲೆ ಸ್ಟೇಜ್ ಹತ್ತೋದು, ಅದೂ ಸತ್ತು ಹೋಗಿ! ಏನಕ್ಕೆ?"

"ಕಲೆಗೋಸ್ಕರ."

"ಆ ಕಾಗದಕ್ಕೋಸ್ಕರ ಅಂತ ಹೇಳಿ. ಮದುವೆಯಾದ ದಿನದಿಂದ ಕೇಳ್ತಾ ಇದೀನಿ. ನಿದ್ದೆಯಲ್ಲಿ ಕೂಡ 'ಖಾಲಿ, ಖಾಲಿ' ಅಂತೀರಿ. ನಾನು ಎದ್ದು ನೀರಿನ ಡ್ರಮ್ ನೋಡಿಕೊಂಡು ಬರ್ತೀನಿ."

ಹಾಗೆಂದರೂ ಪೆಟ್ಟಿಗೆಯ ತಳದಿಂದ ಹಳೆಯ ಕರಿ ಕೋಟನ್ನು ಅವಳೇ ತೆಗೆದುಕೊಟ್ಟಳು. ತೊಟ್ಟು ನೋಡಿದೆ. ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರ. ಟೈಲರ್ ಟೇಪು ಹಿಡಿದು ಬಂದು ನನ್ನನ್ನು ನೆಲದ ಮೇಲೆ ಅಂಗಾತ ಮಲಗಿಸಿದ.

"ನಿಂತರೆ ಅಳತೆ ತೆಗೆಯೋಕೆ ಆಗಲ್ವಾ?" ಎಂದೆ.

"ಮಲಗೋ ಪಾತ್ರಕ್ಕೆ ಮಲಗಿದ ಅಳತೆ. ಮಲಗಿದಾಗ ನಿನ್ನ ಹೊಟ್ಟೆ ಎರಡು ಇಂಚು ಪಕ್ಕಕ್ಕೆ ಹರೀತದೆ. ನಾನು ಮೂವತ್ತು ವರ್ಷದಿಂದ ಹೊಟ್ಟೆ ನೋಡ್ತಾ ಇದೀನಿ, ನನಗೆ ಹೇಳಿಕೊಡಬೇಡ. ಅತ್ತಿಗೆ, ಇವನನ್ನ ಸ್ವಲ್ಪ ಎಡಕ್ಕೆ ತಿರುಗಿಸಿ."

ಇಬ್ಬರೂ ಸೇರಿ ನನ್ನನ್ನು ಹಾಸಿಗೆಯಂತೆ ಮಗುಚಿದರು. ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಡುತ್ತೇನೆಂದು ಕೋಟನ್ನು ಅವನು ತೆಗೆದುಕೊಂಡು ಹೋದ.

ಹದಿನೈದು ದಿನ ಅಭ್ಯಾಸ ನಡೆಯಿತು. ನಾನು ಬೆಂಚಿನ ಮೇಲೆ ಕಣ್ಣು ಮುಚ್ಚಿ, ಕಿವಿ ತೆರೆದು ಮಲಗಿರುತ್ತಿದ್ದೆ. ಟೈಲರ್ ನನ್ನ ಎಡಗಿವಿಯ ಪಕ್ಕ ಕೂತು, "ಗೆಳೆಯಾ, ನಿನಗೆ ಒಂದು ವಿಷಯ ಹೇಳಬೇಕಿತ್ತು" ಎಂದು ಶುರು ಮಾಡುತ್ತಿದ್ದ. ನಾನು ಆ ಕಡೆಗೇ ಕಿವಿ ಇಡುತ್ತಿದ್ದೆ. ಅಷ್ಟರಲ್ಲಿ ಬಲಗಿವಿಯ ಪಕ್ಕದಿಂದ ಮೇಷ್ಟ್ರು, "ನಿಲ್ಲು, ನೀನು ಆ ಮಾತಿಗೆ ತಡವಾಗಿ ಬಂದೆ" ಎನ್ನುತ್ತಿದ್ದ.

"ನಾನು ಸರಿಯಾಗೇ ಬಂದೆ. ನೀನೇ ಮುಂಚೆ ಮುಗಿಸಿದೆ."

"ಸೇತುವೆಗೂ ಲೇಟು, ಮಾತಿಗೂ ಲೇಟು! ಲೆಕ್ಕ ಹಾಕಿ ನೋಡಿದೀನಿ ಕಣೋ. ದಿನಕ್ಕೆ ಹದಿನಾಲ್ಕು ನಿಮಿಷ, ಇಪ್ಪತ್ತೈದು ವರ್ಷ. ನನ್ನ ಆಯುಷ್ಯದಲ್ಲಿ ಎಂಬತ್ತೆಂಟು ದಿನ ನಿನಗಾಗಿ ಕಾಯೋದರಲ್ಲೇ ಹೋಯ್ತು. ಎಂಬತ್ತೆಂಟು ದಿನ! ಅಷ್ಟರಲ್ಲಿ ನಾನು ಇನ್ನೊಂದು ನಾಟಕ ಬರೀತಿದ್ದೆ."

"ಹಾಗಿದ್ರೆ ನಾನು ಊರಿಗೆ ಉಪಕಾರ ಮಾಡಿದೀನಿ."

ಹೆಣದ ಮೇಲೆಯೇ ಕೈ ಬೀಸಿ ಜಗಳ. ಒಮ್ಮೆ ಮೇಷ್ಟ್ರು ಬ್ರೇಕ್ ಹಾಕಿದ ರಭಸಕ್ಕೆ ಬೆಂಚು ಅಲುಗಿ ನಾನು ಅರ್ಧ ಜಾರಿದೆ. ಎಂಬತ್ತೆಂಟು ದಿನ ಎಂಬ ಮಾತು ಕೇಳಿ ನನಗೆ ಒಳಗೊಳಗೆ ಸ್ವಲ್ಪ ಹೆದರಿಕೆಯಾಯಿತು. ನಾನು ಅದನ್ನು ದಿನಗಳಲ್ಲಿ ಲೆಕ್ಕ ಹಾಕಿರಲಿಲ್ಲ. ಅಭ್ಯಾಸ ಮುಗಿಯುವವರೆಗೂ ಟೈಲರ್ ಹೇಳಬೇಕಿದ್ದ ಆ ವಿಷಯ ಮಾತ್ರ ಹೊರಬರಲಿಲ್ಲ. ಕೇಳಿದರೆ, "ಅದನ್ನ ಆ ದಿನವೇ ಹೇಳ್ತೀನಿ, ಆಗ್ಲೇ ಜೀವ ಬರೋದು" ಎಂದ.

ನಾಟಕದ ದಿನ ಸಂಜೆ ಬಣ್ಣದ ಕೋಣೆಯಲ್ಲಿ ಅವನೇ ನನಗೆ ಕೋಟು ತೊಡಿಸಿದ. ಹೊಟ್ಟೆಗೆ ಸರಿಯಾಗಿ ಕೂತಿತು. ಕಾಲರ್ ಸರಿಪಡಿಸುತ್ತ ನನ್ನ ಮುಖವನ್ನು ಒಂದು ಥರ ನೋಡಿದ.

"ಏನು?" ಎಂದೆ.

"ಏನಿಲ್ಲ. ಸಾಯಿ, ಹೋಗು" ಎಂದ.

ಪರದೆ ಸರಿಯಿತು. ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ಹೆಂಡತಿ ಫ್ಲಾಸ್ಕ್ ಹಿಡಿದು ಕೂತಿದ್ದಾಳೆಂದು ನನಗೆ ಗೊತ್ತಿತ್ತು. (ಸತ್ತವನಿಗೆ ನಾಟಕ ಮುಗಿದ ಮೇಲೆ ಚಹಾ ಬೇಕಾಗುತ್ತದೆ.) ಗೆಳೆಯರಿಬ್ಬರೂ ಅಕ್ಕಪಕ್ಕ ಕೂತರು. ಅರ್ಧ ನಾಟಕ ಚೆನ್ನಾಗಿಯೇ ಸಾಗಿತು. ಆಮೇಲೆ ಟೈಲರ್ ಗಂಟಲು ಸರಿಮಾಡಿಕೊಂಡ.

"ಗೆಳೆಯಾ, ನಿನಗೆ ಒಂದು ವಿಷಯ ಹೇಳಬೇಕಿತ್ತು. ನಿನ್ನ ಕೋಟಿನ ಹೊಲಿಗೆ ಬಿಚ್ಚಿದೆ. ಒಳಜೇಬಿನ ಮೂಲೆ ಹರಿದಿತ್ತು. ಆ ತೂತಿನಿಂದ ಜಾರಿ, ಲೈನಿಂಗ್ ಒಳಗೆ ಒಂದು ಕಾಗದ ಸಿಕ್ಕಿಕೊಂಡಿತ್ತು."

ಇದು ಬರೆದ ಮಾತಲ್ಲ! ಬಲಗಡೆ ಮೇಷ್ಟ್ರ ಕಾಲು ನೆಲ ಒತ್ತಿದ ಸದ್ದು ಕೇಳಿತು. ಕಾಗದ ಬಿಡಿಸುವ ಸರಸರ ಸದ್ದೂ ಕೇಳಿತು. ಟೈಲರ್ ಅದರ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿದ:

"'ಅಣ್ಣಾ, ತಪ್ಪು ನಿನ್ನದಲ್ಲ. ಇಷ್ಟು ಕಾಲ ವೃಥಾ ನಿನ್ನನ್ನು ಅನುಮಾನಿಸಿದೆ. ಜೊತೆಯಲ್ಲಿ ನಡೆಯುತ್ತಲೇ ಮನಸ್ಸಿನಲ್ಲಿ ದೂರವಿದ್ದೆ. ನನ್ನನ್ನು ಕ್ಷಮಿಸು.'"

ನನ್ನ ಪತ್ರ. ಇಪ್ಪತ್ತೆಂಟು ವರ್ಷ ಹಿಂದೆ ನಾನು ಓದಬೇಕಾಗಿದ್ದ ಪತ್ರ. ಕಣ್ಣು ತೆರೆಯಬಾರದೆಂದು ರೆಪ್ಪೆಗಳನ್ನು ಬಿಗಿಹಿಡಿದೆ.

"ಹಿಂದುಗಡೆಯೂ ಬರೆದಿದೆ" ಎಂದ ಟೈಲರ್. "'ಅಭ್ಯಾಸಕ್ಕೆ ಖಾಲಿ ಕಾಗದವನ್ನೇ ಬಳಸುವುದು. ಅಸಲಿಯನ್ನು ಮಡಿಕೆ ಸವೆಯದಂತೆ ಒಳಜೇಬಿನಲ್ಲಿ ಇಟ್ಟಿದೆ. ಕೊನೆಯ ಕ್ಷಣದಲ್ಲಿ ಲಕೋಟೆಗೆ ಹಾಕುವುದು. ಮರೆಯಬಾರದು.' ಮರೆಯಬಾರದು ಅನ್ನೋದರ ಕೆಳಗೆ ಎರಡು ಗೆರೆ ಎಳೆದಿದೆ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅದೇ ಸಭಾಂಗಣ, ಅದೇ ನಗು. ನನಗೆ ಒಂದೊಂದಾಗಿ ನೆನಪಾಯಿತು: ದಿನಕ್ಕೆ ಇಪ್ಪತ್ತು ಸಲ ಲಕೋಟೆಯಿಂದ ತೆಗೆದು ಬಿಡಿಸುವ ಅಭ್ಯಾಸ, ಮಡಿಕೆ ಹರಿದೀತೆಂದು ಮಾಡಿದ ಮುಂಜಾಗ್ರತೆ, ದುಂಡಗಿನ ಆ ಟಿಪ್ಪಣಿ. ಕಳ್ಳ ಯಾರೂ ಇರಲಿಲ್ಲ. ನನ್ನ ಎಚ್ಚರಿಕೆಯೇ ನನ್ನ ಜೇಬಿನ ತೂತಿನಿಂದ ಜಾರಿಹೋಗಿತ್ತು.

"ಪಾಪ, ಇವನು ನಮ್ಮಿಬ್ಬರನ್ನೂ ಅನುಮಾನಿಸ್ತಿದ್ದ" ಎಂದ ಟೈಲರ್. "ಅತ್ತಿಗೆ ಹೇಳಿದ್ರು."

ಮೇಷ್ಟ್ರು ನನ್ನ ಹಣೆಯ ಮೇಲೆ ಕೈಯಿಟ್ಟ. "ಅನುಮಾನ ಪಟ್ಟರೇನು, ಒಂದು ದಿನವಾದರೂ ನಮಗೆ ಕೆಡುಕು ಮಾಡಿದನೇ? ನಾವಿಬ್ಬರು ದಿನ ಬೆಳಗಾದರೆ ಕಚ್ಚಾಡಿದೆವು. ಇವನೊಬ್ಬ ನಡುವೆ ನಿಂತು ನ್ಯಾಯ ಹೇಳಿದ. ಇಂಥ ಸಾಧುಪ್ರಾಣಿ ಇನ್ನು ಹುಟ್ಟುವುದಿಲ್ಲ."

ಅವನ ಕಣ್ಣೀರಿನ ಒಂದು ಹನಿ ನನ್ನ ಮೂಗಿನ ಮೇಲೆ ಬಿತ್ತು. ಅದನ್ನು ತಡೆದುಕೊಳ್ಳುವುದು ಯಾವ ಹೆಣಕ್ಕೂ ಸಾಧ್ಯವಿಲ್ಲ.

"ಮಾಡಿದೀನಿ" ಎಂದು ಎದ್ದು ಕೂತೆ.

ಮೊದಲ ಸಾಲಿನಲ್ಲಿ ಒಬ್ಬಾಕೆ ಕಿರುಚಿದಳು. ಮೇಷ್ಟ್ರ ಎರಡೂ ಕಾಲು ಬ್ರೇಕಿನ ಮೇಲಿದ್ದವು.

"ಕೆಡುಕು ಮಾಡಿದೀನಿ" ಎಂದೆ. ಇಪ್ಪತ್ತೆಂಟು ವರ್ಷ ಮುಚ್ಚಿದ್ದ ಬಾಯಿ ತೆರೆದ ಮೇಲೆ ನಿಲ್ಲಲೇ ಇಲ್ಲ. "ನಿಮ್ಮ ಜಗಳ ಹುಟ್ಟಿಸಿದ್ದೇ ನಾನು. ನಿನ್ನ ವಾಚು ಏಳು ನಿಮಿಷ ಮುಂದೆ ಇಟ್ಟವನು ನಾನು. ಇವನದು ಏಳು ನಿಮಿಷ ಹಿಂದೆ ಇಟ್ಟವನೂ ನಾನು. ಇಪ್ಪತ್ತೈದು ವರ್ಷ. ಆ ಎಂಬತ್ತೆಂಟು ದಿನ ತಿಂದವನು ನಾನು ಕಣ್ರೋ, ಅವನಲ್ಲ!"

ಹೀಗೆ ಹೇಳಿ, ಮುಂದೆ ಏನು ಮಾಡಬೇಕೆಂದು ತಿಳಿಯದೆ, ಮತ್ತೆ ಸತ್ತೆ. ಚಪ್ಪಾಳೆ ಎಂದರೆ ಅದು ಚಪ್ಪಾಳೆ! ಜನ ಎದ್ದು ನಿಂತರು. ಹೆಣ ಎದ್ದು ತಪ್ಪೊಪ್ಪಿಕೊಳ್ಳುವ ಇಂಥ ನಾಟಕ ನೋಡಿಯೇ ಇಲ್ಲವೆಂದು ವಾಚನಾಲಯದ ಕಾರ್ಯದರ್ಶಿ ಆಮೇಲೆ ಹೇಳಿದರಂತೆ. ಚಪ್ಪಾಳೆ ತಟ್ಟದವರು ಇಬ್ಬರೇ. ನನ್ನ ಎಡಕ್ಕೊಬ್ಬ, ಬಲಕ್ಕೊಬ್ಬ.

ಬಣ್ಣದ ಕೋಣೆಯಲ್ಲಿ ನಾನು ಸ್ಟೂಲಿನ ಮೇಲೆ ಕೂತಿದ್ದೆ. ಅವರಿಬ್ಬರೂ ನಿಂತಿದ್ದರು. ಹೆಂಡತಿ ಫ್ಲಾಸ್ಕ್‌ನೊಂದಿಗೆ ಬಂದು ಬಾಗಿಲಲ್ಲೇ ನಿಂತಳು. ಮೂವತ್ತು ವರ್ಷದ ಗೆಳೆತನ ಆ ಕ್ಷಣದಲ್ಲಿ ಒಂದು ಕೂದಲೆಳೆಯಲ್ಲಿ ನೇತಾಡುತ್ತಿತ್ತು. ಮೇಷ್ಟ್ರ ಮುಖ ಹಾಗಿತ್ತು.

ಮೊದಲು ಮಾತಾಡಿದವನು ಟೈಲರ್.

"ಲೋ, ನನ್ನ ವಾಚು ಏಳು ನಿಮಿಷ ಹಿಂದಿಟ್ಟಿದೀನಿ ಅಂದ್ಯಲ್ಲ. ಅದು ಹಿಂದಿಲ್ಲವಲ್ಲ."

"ಇದೆ. ನಾನೇ ಇಟ್ಟಿದ್ದು."

"ನೋಡಿಲ್ಲಿ. ಫೋನಿಗೆ ಸರಿ ಇದೆ. ರೈಲ್ವೆ ಸ್ಟೇಷನ್ ಗಡಿಯಾರಕ್ಕೂ ಸರಿ ಇದೆ."

"ಫೋನೂ ಹಿಂದಿದೆ. ಸ್ಟೇಷನ್ ಗಡಿಯಾರಾನೂ ಹಿಂದಿದೆ."

"ಯಾವುದಕ್ಕಿಂತ ಹಿಂದೆ?"

"ನನ್ನ ವಾಚಿಗಿಂತ."

"ನಿನ್ನ ವಾಚು ಯಾವುದನ್ನ ನೋಡಿ ಇಟ್ಟಿರೋದು?"

"ಮನೆ ಗೋಡೆ ಗಡಿಯಾರ ನೋಡಿ. ಅಪ್ಪನ ಗಡಿಯಾರ. ಅದು ಒಂದು ಸೆಕೆಂಡೂ ತಪ್ಪಲ್ಲ."

ಹೆಂಡತಿ ಫ್ಲಾಸ್ಕಿನ ಮುಚ್ಚಳವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

"ಏನೇ?" ಎಂದೆ.

"ಬೈಬಾರ್ದು."

"ಏನು?"

"ಮದುವೆಯಾದ ಮೂರನೇ ತಿಂಗಳು, ಅಂಗಡಿ ಆಗಷ್ಟೇ ತೆರೆದಿದ್ರಿ. ನೀವು ದಿನಾ ಅಂಗಡಿಗೆ ಲೇಟು. ಬೀಗ ಎಳೆದು ನೋಡೋಕೆ ಒಂದು ನಿಮಿಷ, ತಿರುವಿನವರೆಗೆ ಹೋಗೋಕೆ ಎರಡು, ವಾಪಸ್ ಬರೋಕೆ ಎರಡು, ಮತ್ತೆ ಎಳೆದು ನೋಡೋಕೆ ಒಂದು, ಚಪ್ಪಲಿ ಸರಿಯಾಗಿದೆಯಾ ಅಂತ ನೋಡಿಕೊಳ್ಳೋಕೆ ಒಂದು. ಒಟ್ಟು ಏಳು. ಅದಕ್ಕೇ ಮುಳ್ಳು ಏಳು ನಿಮಿಷ ಮುಂದೆ ತಿರುಗಿಸಿದೆ. ಆಮೇಲೆ ನೀವೆಂದೂ ಲೇಟಾಗಲಿಲ್ಲ. ನಾನೂ ಮರೆತುಬಿಟ್ಟೆ."

ನಾನು ಗಡಿಯಾರದವನಾದ್ದರಿಂದ ಲೆಕ್ಕ ಬೇಗ ಹೊಳೆಯಿತು. ನನ್ನ ಸಮಯ ಏಳು ನಿಮಿಷ ಮುಂದೆ. ಅದರಿಂದ ಏಳು ಹಿಂದಿಟ್ಟ ಟೈಲರ್‌ನ ಗಡಿಯಾರ ಕರಾರುವಾಕ್ಕು. ಇಡೀ ಬೀದಿಗೆ ತಪ್ಪು ಸಮಯ ಹಂಚುತ್ತಿದ್ದ ನಾನು, ಸೇಡಿಗಾಗಿ ಒಬ್ಬನಿಗೆ ಮಾತ್ರ, ಇಪ್ಪತ್ತೈದು ವರ್ಷ, ಸರಿಯಾದ ಸಮಯ ಕೊಟ್ಟಿದ್ದೆ.

ಟೈಲರ್ ನಗತೊಡಗಿದ. ಗೋಡೆ ಹಿಡಿದುಕೊಂಡು ನಕ್ಕ. ಮೇಷ್ಟ್ರು ಮಾತ್ರ ಬೆರಳು ಮಡಚುತ್ತ ನಿಂತಿದ್ದ.

"ಅಂದ್ರೆ ನನ್ನದು ಏಳಲ್ಲ. ಹದಿನಾಲ್ಕು ಮುಂದೆ" ಎಂದ ಮೆಲ್ಲಗೆ. "ಇವನು ಒಂದು ದಿನವೂ ಲೇಟಾಗಿ ಬಂದಿಲ್ಲ. ನಾನು ಸುಮ್ಮನೆ ಬೈದೆ. ನನ್ನ ಹತ್ರ ಕಲಿತ ಅಷ್ಟು ಜನರನ್ನೂ ಬೈದೆ. 'ಟೈಮ್ ಸೆನ್ಸ್ ಇಲ್ಲ, ಗಾಡಿ ಕಲಿಯೋಕೆ ನಾಲಾಯಕ್ಕು' ಅಂತ ವಾಪಸ್ ಕಳಿಸಿದವರೂ ಇದಾರೆ."

"ನಿನ್ನ ವಾಚು ಈಗಲೇ ಸರಿ ಮಾಡಿಕೊಡ್ತೀನಿ" ಎಂದೆ.

"ಮುಟ್ಟಬೇಡ!" ಎಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಆಮೇಲೆ ತೀರ್ಪು ಕೊಟ್ಟ. "ನನ್ನ ಎಂಬತ್ತೆಂಟು ದಿನ ನನಗೆ ವಾಪಸ್ ಬೇಕು. ನಾಳೆಯಿಂದ ನೀನು ದಿನಾ ಐದೂ ನಲವತ್ತಾರಕ್ಕೆ ಸೇತುವೆ ಮೇಲೆ ಬಂದು ನಿಲ್ಲಬೇಕು. ಒಬ್ಬನೇ. ನಾವಿಬ್ಬರೂ ಆರಕ್ಕೆ ಬರ್ತೀವಿ. ಇಪ್ಪತ್ತೈದು ವರ್ಷ."

"ಇಪ್ಪತ್ತೈದು ವರ್ಷ? ಮುಗಿಯೋವಾಗ ನನಗೆ ಎಪ್ಪತ್ತೇಳು!"

"ನಮಗೂ ಅಷ್ಟೇ" ಎಂದ ಟೈಲರ್. "ಬರದೆ ಬಿಡ್ತೀವಾ? ಅಷ್ಟರವರೆಗೆ ಯಾರೂ ಸಾಯೋ ಹಾಗಿಲ್ಲ, ನೀನೂ ಸೇರಿ. ಇವತ್ತು ಸತ್ತಿದ್ದು ಸಾಕು. ಅತ್ತಿಗೆ, ಚಹಾ ಹಾಕಿ."

ಇವತ್ತಿಗೆ ಹನ್ನೊಂದು ದಿನವಾಯಿತು. ದಿನವೂ ಒಬ್ಬನೇ ಸೇತುವೆಯ ಮೇಲೆ ನಿಲ್ಲುತ್ತೇನೆ. ನಾಚಿಕೆಯಿಂದ ಅಲ್ಲಿಗೆ ಕೈಗಡಿಯಾರ ಕಟ್ಟಿಕೊಂಡು ಹೋಗುವುದಿಲ್ಲ; ಅಪ್ಪನ ಗಡಿಯಾರದಲ್ಲಿ ಏಳು ನಿಮಿಷ ಕಳೆದು ಲೆಕ್ಕ ಹಾಕಿ ಮನೆ ಬಿಡುತ್ತೇನೆ. ಹದಿನಾಲ್ಕು ನಿಮಿಷ ಇಷ್ಟು ಉದ್ದವಾಗಿರುತ್ತದೆಂದು ಗಡಿಯಾರದವನಾದ ನನಗೇ ಗೊತ್ತಿರಲಿಲ್ಲ. ಸರಿಯಾಗಿ ಆರಕ್ಕೆ ಸೇತುವೆಯ ಆ ತುದಿಯಿಂದ ಅವರಿಬ್ಬರೂ ಒಟ್ಟಿಗೆ, ನಗುತ್ತ ಬರುತ್ತಾರೆ. ನಾನಿಲ್ಲದೆ ಏನು ಮಾತಾಡಿಕೊಂಡು ಇಷ್ಟು ನಗುತ್ತಾರೆ ಎಂದು ನನಗೆ ವಿಪರೀತ ಕುತೂಹಲ. ಆದರೆ ಕೇಳುವ ಧೈರ್ಯವಿಲ್ಲ.

ಒಂದು ದಿನವೂ ತಡವಾಗಿಲ್ಲ ಎಂದು ನಿನ್ನೆ ಹೆಂಡತಿಯ ಮುಂದೆ ಹೆಮ್ಮೆಪಟ್ಟೆ. ಅವಳು ಬಟ್ಟೆ ಮಡಚುತ್ತ, "ಹೇಗೆ ತಡವಾಗುತ್ತೆ?" ಎಂದಳು. ನನಗೆ ಏನೋ ಹೊಳೆದು, ಫೋನ್ ತೆಗೆದುಕೊಂಡು ಹೋಗಿ ಅಪ್ಪನ ಗಡಿಯಾರದ ಪಕ್ಕ ಹಿಡಿದೆ.

ಈಗ ಅದು ಇಪ್ಪತ್ತೊಂದು ನಿಮಿಷ ಮುಂದಿದೆ.